ಅರ್ಧ ಸೀರೆಯ ತಾಯಿ

ಮಳವಳ್ಳಿ
೨೦-೨-೧೯೭೪

ಚಿ॥ ತಿರುನಾರಾಯಣನಿಗೆ ಅಕ್ಕನ ಆಶೀರ್ವಾದ.

ಕಳೆದ ಭಾನುವಾರ, ಹದಿನೇಳನೇ ತಾರೀಕು, ನಿನ್ನ ಸದಾಚಾರ ಸಂಘದ ಸಭೆಯಲ್ಲಿ ನನ್ನನ್ನು ಒಂದು ಮಾತೂ ಕೇಳದೆ ನನ್ನ ಹೆಸರನ್ನು ಅರ್ಜಿಗೆ ಸೇರಿಸಿ ಓದಿದೆ. ‘ಗೋದಮ್ಮ, ನಿವೃತ್ತ ಉಪಾಧ್ಯಾಯಿನಿ’ ಎಂದು, ಅದೂ ಎಲ್ಲರಿಗಿಂತ ಮೊದಲು. ನಮ್ಮೂರ ಟೆಂಟಿನಲ್ಲಿ ಓಡುತ್ತಿರುವ ಚಿತ್ರ ಅಶ್ಲೀಲ, ಪೋಸ್ಟರಿನಲ್ಲೇ ಅರ್ಧ ಸೀರೆ ಉಟ್ಟ ಹೆಂಗಸು ನೀರಿನಲ್ಲಿ ನಿಂತಿದ್ದಾಳೆ, ಆದ್ದರಿಂದ ಟೆಂಟನ್ನೇ ಎತ್ತಿಸಬೇಕು ಎಂದು ಅರ್ಜಿ. ಬರುವ ಸೋಮವಾರ ತಾಲ್ಲೂಕು ಕಚೇರಿಗೆ ಹೋಗುತ್ತದಂತೆ.

ಬೈಯುವುದಕ್ಕಾದರೂ ನೋಡಿರಬೇಕಲ್ಲ ಎಂದು ನಿನ್ನೆ ಮೊದಲನೇ ಆಟಕ್ಕೆ ಹೋದೆ. ಹೆಂಗಸರ ಕಡೆ, ಮರಳಿನ ಮೇಲೆ, ನಮಗೆ ಹಾಲು ಹಾಕುವ ಚಿಕ್ಕಮಾದಮ್ಮನ ಪಕ್ಕ ಮುಖ ಗಂಟಿಕ್ಕಿಕೊಂಡೇ ಕೂತೆ.

ತಿರು, ಏನು ಹೇಳಲಿ! ಹೊಳೆ ಉಕ್ಕಿ ಕಾಡುಪಾಲಾದ ಒಂದು ಸಂಸಾರದ ಕಥೆ. ಅಪ್ಪ, ಅಮ್ಮ, ಎರಡು ಮಕ್ಕಳು, ಒಂದು ಹರಿಗೋಲು. ಮಂಜು ಕರಗಿ ಬೆಟ್ಟ ಮೊದಲು ನೀಲಿಯಾಗಿ, ಆಮೇಲೆ ಅರಿಶಿನವಾಗಿ ಕಾಣಿಸಿದಾಗ ಟೆಂಟಿನಲ್ಲಿ ಕೆಮ್ಮು ಸಹ ನಿಂತುಹೋಯಿತು. ಆನೆ ಹಿಂಡು ಹೊಳೆ ದಾಟುವಾಗ ಮರಿಯ ಸೊಂಡಿಲ ತುದಿ ಮಾತ್ರ ನೀರಿನ ಮೇಲೆ. ಗಗನಚುಕ್ಕಿಯನ್ನು ಐವತ್ತು ವರ್ಷದಿಂದ ನೋಡುತ್ತ ಬಂದವಳು ನಾನು. ನೀರಿಗೆ ಅಷ್ಟು ಬಣ್ಣಗಳಿವೆ ಎಂದು ಗೊತ್ತಿರಲಿಲ್ಲ.

ಇನ್ನು ನಿನ್ನ ಅಶ್ಲೀಲ. ಹರಿಗೋಲು ಮಗುಚಿ ಮಕ್ಕಳು ನಡುಬಂಡೆಯ ಮೇಲೆ ಸಿಕ್ಕಿಕೊಂಡಾಗ ಆ ತಾಯಿ ಉಟ್ಟ ಸೀರೆಯನ್ನೇ ಅರ್ಧ ಹರಿದು ಹಗ್ಗ ಹೊಸೆಯುತ್ತಾಳೆ. ಚಿಕ್ಕಮಾದಮ್ಮ ಎದ್ದುನಿಂತು, “ಸೀರೆ ಓದ್ರೆ ಓಯ್ತದೆ, ಮೊದ್ಲು ಮಕ್ಳ ಎಳ್ಕೊ ಕಣವ್ವಾ!” ಎಂದು ಪರದೆಗೇ ಕೂಗಿದಳು. ಹಿಂದಿನವರು “ಕೂತ್ಕೊಳಮ್ಮಿ, ಕಾಣಾಕಿಲ್ಲ” ಎಂದು ಗದರಿದರೂ ಕೂರಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ನನ್ನನ್ನು ಕೇಳಿದಳು: “ನಿಮ್ ತಮ್ಮಯ್ಯ ಬ್ಯಾಡ ಅಂದಿದ್ದು ಇದ್ನೇಯಾ, ಅಮ್ಮಾವ್ರೇ? ಅವ್ರ ಎತ್ತವ್ವ ಆಗಿದ್ರೆ ಸೀರೆ ಜ್ವಾಪಾನ ಮಾಡ್ಕಂಡು ಕೂತಿರೋರಾ?”

ಅವಳು ಕೇಳಿದ್ದು ನಮ್ಮಮ್ಮನ ವಿಷಯ.

ಹೆಣ್ಣುಮಕ್ಕಳು ಕಾದಂಬರಿ ಓದಿದರೆ ಕೆಡುತ್ತಾರೆ ಎಂದು ಅಪ್ಪ ಬೀರುವಿಗೆ ಬೀಗ ಹಾಕಿದ ವರ್ಷ, ಅಂಗಿಯೊಳಗೆ ಬಚ್ಚಿಟ್ಟುಕೊಂಡು ನನಗೆ ಪುಸ್ತಕ ತಂದುಕೊಟ್ಟವನು ನೀನೇ. ನೀನು ಮರೆತಿರಬಹುದು, ನಾನು ಮರೆತಿಲ್ಲ. ಈಗ ಆ ಬೀಗವನ್ನು ನೀನೇ ಹಿಡಿದುಕೊಂಡು ಮಂಡ್ಯದಿಂದ ಬಸ್ಸು ಹತ್ತಿ ಬರುತ್ತೀಯೆ.

ಮೂವತ್ತು ವರ್ಷ ಈ ಊರಿನ ಮಕ್ಕಳಿಗೆ ಓದದೆ ಉತ್ತರ ಬರೆಯಬೇಡಿ ಎಂದು ಹೇಳಿದವಳ ಹೆಸರು ಅದು. ಅರ್ಜಿಯಿಂದ ಹೊಡೆದುಹಾಕು.

ಇಂತು, ಈಗಲೂ ನಿನ್ನ ಅಕ್ಕನೇ ಆದ
ಗೋದಮ್ಮ

ತಾ.ಕ.: ಒಂದು ವಿಷಯ ಮುಚ್ಚಿಟ್ಟೆ. ಭಾನುವಾರ ಆ ಸಭೆಯಲ್ಲಿ ಹೆಂಗಸರ ಸಾಲಿನ ಕೊನೆಗೆ, ಕಂಬದ ಮರೆಯಲ್ಲಿ, ನಾನೂ ಇದ್ದೆ. ನನ್ನ ಹೆಸರು ಮೊದಲು ಬಂದದ್ದಕ್ಕೆ ಒಳಗೊಳಗೇ ಹಿಗ್ಗಿ, ಎಲ್ಲರ ಜೊತೆ ಚಪ್ಪಾಳೆಯನ್ನೂ ತಟ್ಟಿದೆ. ಬರುವ ಭಾನುವಾರ ಅದೇ ಸಭೆಯಲ್ಲಿ ಎದ್ದುನಿಂತು ಆ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಆಮೇಲೆ ಎಲ್ಲರೆದುರು ನಿನ್ನನ್ನು ಕೇಳುತ್ತೇನೆ: ತಿರುನಾರಾಯಣ, ನೀನು ಆ ಚಿತ್ರ ನೋಡಿದ್ದೀಯಾ? ಉತ್ತರವನ್ನು ಕಾಗದದಲ್ಲಿ ಬರೆಯಬೇಡ. ವೇದಿಕೆಯ ಮೇಲೆ ನಿಂತು, ಮೈಕು ಹಿಡಿದು ಹೇಳು.