ಹಾಲನ್‌ನ ಮಾತ್ರೆಯನ್ನು ಪಾಪಾತಿ ಅಕ್ಕನ ಕೈಗೆ ಕೊಡಿ

ಮನೆ ಬಿಟ್ಟ ಮಕ್ಕಳ ಆರೋಗ್ಯವನ್ನು ಮನೆಯವರ ಕೈಗೇ ಒಪ್ಪಿಸಿದ ಅಧಿಕಾರಿಗಳೇ,

ನಿಮ್ಮ ಯೋಜನೆಯ ದೆಸೆಯಿಂದ ನನ್ನ ಗೆಳೆಯ ಹಾಲನ್‌ನ ಕ್ಷಯದ ಚಿಕಿತ್ಸೆ ಅರ್ಧಕ್ಕೇ ನಿಂತಿದೆ. ಈ ಸಾಧನೆಗೆ ನಿಮ್ಮನ್ನು ಊಟಿಯ ಜನರೆದುರೇ ಅಭಿನಂದಿಸಬೇಕೆನಿಸಿತು. ಅದಕ್ಕೇ ಇದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ.

ನಾವಿಬ್ಬರೂ ಕ್ಯಾರೆಟ್ ತೊಳೆಯುವ ಶೆಡ್ಡಿನಲ್ಲಿ ದುಡಿದು, ಅಲ್ಲೇ ಗೋಣಿಚೀಲದ ಮೇಲೆ ಮಲಗುವವರು. ನಮಗೆ ಅಡುಗೆ ಮಾಡಿ ಹಾಕುವವಳು ಪಾಪಾತಿ ಅಕ್ಕ. ಅವಳನ್ನು ದೇವತೆ ಎಂದು ಬರೆಯಲಾರೆ. ಅವಳ ಬೈಗುಳಕ್ಕೆ ಲಾರಿ ಡ್ರೈವರುಗಳೇ ಕಿವಿ ಮುಚ್ಚಿಕೊಳ್ಳುತ್ತಾರೆ. ಹಾಲನ್ ಕೂಡ ಸಾಚಾ ಅಲ್ಲ. ಮಾತ್ರೆಯನ್ನು ದವಡೆಯಲ್ಲಿ ಅಡಗಿಸಿಟ್ಟು, ಆಮೇಲೆ ಚರಂಡಿಗೆ ಉಗುಳುತ್ತಿದ್ದ. ಅಕ್ಕ ಅದನ್ನು ಪತ್ತೆ ಹಚ್ಚಿದಳು. "ಬಾಯಿ ತೆಗಿಯೋ, ನಾಲಿಗೆ ಎತ್ತು. ನುಂಗೋವರೆಗೂ ಅನ್ನ ಇಲ್ಲ" ಎಂದು ಸೌಟು ಹಿಡಿದು ನಿಲ್ಲುತ್ತಿದ್ದಳು. ಅವನ ಕೆಮ್ಮು ಇಳಿಯಿತು, ಕೆನ್ನೆ ತುಂಬಿತು.

ಅಷ್ಟರಲ್ಲಿ ನಿಮ್ಮ ಹೊಸ ನಿಯಮ ಬಂತು: ಕುಟುಂಬದವರು ಸಭೆಗೆ ಬಂದರಷ್ಟೇ ಮಾತ್ರೆ. ಅಕ್ಕ ಒಳ್ಳೆಯ ಸೀರೆಯುಟ್ಟು ಬಂದಳು.

"ನೀವು ಇವನಿಗೆ ಏನಾಗಬೇಕಮ್ಮ?" ಎಂದಿರಿ.

"ಅನ್ನ ಹಾಕೋಳು, ಸಾರ್."

"ಅಡುಗೆಯವರೆಲ್ಲ ಕುಟುಂಬ ಆಗಲ್ಲ."

"ಹಾಗಾದ್ರೆ ನಿಮ್ಮನೇಲಿ ಅಡುಗೆ ಮಾಡೋ ಅಮ್ಮಾವ್ರು ಯಾರು ಸಾರ್?"

ಸಭೆಯೆಲ್ಲ ನಕ್ಕಿತು. ನೀವು ನಗಲಿಲ್ಲ. ಹಟಕ್ಕೆ ಬಿದ್ದವರಂತೆ ಮಂಜೂರು ಎಂಬ ಊರಿನಿಂದ ಹಾಲನ್‌ನ ಅಪ್ಪನನ್ನೇ ಕರೆಸಿದಿರಿ. ಆ ಅಪ್ಪನ ಬೆಲ್ಟಿನ ಗುರುತು ಮಗನ ಬೆನ್ನಿನಿಂದ ಇನ್ನೂ ಮಾಸಿಲ್ಲ. ಅದಕ್ಕೆ ಹೆದರಿಯೇ ಹಾಲನ್ ಮನೆ ಬಿಟ್ಟದ್ದು. ಅವನು ಮನೆ ಬಿಟ್ಟದ್ದು ಏಕೆಂದು ಒಂದು ಮಾತು ಕೇಳಿದ್ದೀರಾ? ಆ ಅಪ್ಪ ನಿಮ್ಮ ಸಭೆಯ ಬ್ಯಾನರಿನ ಕೆಳಗೇ "ಮಾನ ಕಳೆದೆಯಲ್ಲೋ" ಎಂದು ಮತ್ತೆ ಬೆಲ್ಟು ಬಿಚ್ಚಿದ. "ಅಪ್ಪ ತಾನೇ, ಬುದ್ಧಿ ಹೇಳ್ತಿದ್ದಾರೆ" ಎಂದಿರಿ ನೀವು. ಹಾಲನ್ ಕಿಟಕಿ ಹಾರಿ ಓಡಿದ. ರೋಗವನ್ನು ತಡೆಯಬೇಕಾದವರು ರೋಗಿಯನ್ನೇ ಓಡಿಸಿದಿರಲ್ಲ, ಇದಕ್ಕೆ ಎಲ್ಲಿ ತರಬೇತಿ ಪಡೆದಿರಿ?

ಅವನೀಗ ಗೂಡಲೂರಿನ ಕಡೆ ಇದ್ದಾನೆ. ಮತ್ತೆ ಕೆಮ್ಮುತ್ತಿದ್ದಾನೆ, ಯಾರ್ಯಾರದೋ ಪಕ್ಕದಲ್ಲಿ ಮಲಗುತ್ತಿದ್ದಾನೆ. ಎಲ್ಲಿ ಎಂದು ನನಗೆ ಗೊತ್ತು. ಗೊತ್ತಿಲ್ಲವೆಂದು ಸುಳ್ಳು ಹೇಳುವುದಿಲ್ಲ, ನಿಮಗೆ ತಿಳಿಸುವುದೂ ಇಲ್ಲ. ಮಾತ್ರೆಯನ್ನು ಪಾಪಾತಿ ಅಕ್ಕನ ಕೈಗೆ ಕೊಡಿ, ಅವಳು ಬಸ್ಸು ಹತ್ತುತ್ತಾಳೆ. ಕೊಡುವವರೆಗೂ ನೀವು ಭಾಷಣ ಮಾಡುವಲ್ಲೆಲ್ಲ ನಾವು ಶೆಡ್ಡಿನವರು ಬಂದು ಮುಂದಿನ ಸಾಲಿನಲ್ಲಿ ಕೂರುತ್ತೇವೆ, ಆ ದಿನ ನಡೆದದ್ದನ್ನು ಎದ್ದು ನಿಂತು ಹೇಳುತ್ತೇವೆ. ಹಾಲನ್‌ಗೆ ಏನಾದರೂ ಆದರೆ ಅವನನ್ನು ಅಪ್ಪನ ಮನೆಗೆ ಒಯ್ಯುವುದಿಲ್ಲ. ನಿಮ್ಮ ಕಚೇರಿಯ ಮೆಟ್ಟಿಲಿಗೇ ತರುತ್ತೇವೆ. ಅಲ್ಲಿ ಎದೆ ಬಡಿದುಕೊಂಡು ಅಳುವವರು ಯಾರೆಂದು ನೋಡಿ, ಕುಟುಂಬ ಯಾವುದೆಂದು ಆಗ ತೀರ್ಮಾನಿಸಿ.

ಇಂತಿ,
ಕರೆತರಲು ಮನೆಯವರಿಲ್ಲದಿದ್ದರೂ ನಿಮ್ಮ ಮುಂದಿನ ಸಭೆಗೆ ತಪ್ಪದೆ ಬರುವ
ವಿನೋದ್, ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವನು