ಮಾಳಿಗೆಯಿಂದ ಜಪ್ತಿಯಾದ ಬಿಸಿಲು

ವಿದ್ಯುತ್ ಕಚೇರಿಯ ಮಾನ್ಯ ಅಧಿಕಾರಿಗಳೇ,

ನನ್ನ ಮಗಳು ಉಸಿರಾಡುವುದಕ್ಕೂ ನಿಮ್ಮ ಪರವಾನಗಿ ಬೇಕೆಂದು ನನಗೆ ತಿಳಿದಿರಲಿಲ್ಲ. ಕಳೆದ ತಿಂಗಳು ನಮ್ಮ ಮಾಳಿಗೆಯ ಮೇಲಿದ್ದ ಸೋಲಾರ್ ಪ್ಲೇಟನ್ನು ಬ್ಯಾಟರಿ ಸಮೇತ ನೀವು ಜಪ್ತಿ ಮಾಡಿದ ಮೇಲೆ ತಿಳಿಯಿತು. ಕೊಟ್ಟೂರಿನಲ್ಲಿ ಇಪ್ಪತ್ತು ವರ್ಷದಿಂದ ಫ್ಯಾನು, ಮಿಕ್ಸರ್ ರಿಪೇರಿ ಮಾಡಿಕೊಂಡಿರುವ ನನಗೆ ಸಿಟ್ಟು ಬರುವುದು ಕಡಿಮೆ. ಈಗ ಬಂದಿದೆ, ಬಚ್ಚಿಡುವುದಿಲ್ಲ.

ಮೆಹರೀನಳಿಗೆ ಒಂಬತ್ತು ವರ್ಷ, ಉಬ್ಬಸ. ಔಷಧಿಯ ಆವಿ ಕೊಡುವ ಯಂತ್ರಕ್ಕೆ ಕರೆಂಟು ಬೇಕು. ಈ 2006ರಲ್ಲೂ ನಿಮ್ಮ ಕರೆಂಟು ಹಗಲಲ್ಲಿ ಆರು ತಾಸು ನಾಪತ್ತೆ. ಹಾಗಾಗಿ ಪ್ಲೇಟು, ಬ್ಯಾಟರಿ, ಹಳೆಯದೊಂದು ಇನ್ವರ್ಟರ್ ಜೋಡಿಸಿ ಮನೆಯ ಸಾಕೆಟ್ಟಿಗೇ ಪ್ಲಗ್ ಹಾಕುತ್ತಿದ್ದೆ. ಆ ಕರೆಂಟು ಹೊರಗಿನ ತಂತಿಗೂ ಹರಿದು ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆದರೆ ಹೇಗೆ ಎಂಬ ನಿಮ್ಮ ಪ್ರಶ್ನೆ ಸರಿಯಾದದ್ದೇ. ಅದಕ್ಕೆಂದೇ ನನ್ನ ಹೆಂಡತಿ ನಜಮುನ್ನೀಸಾ ಮೊದಲು ಮೇನಿನ ಎರಡೂ ಫ್ಯೂಸು ಕಿತ್ತು ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಆ ಗಂಟನ್ನು ಮುಟ್ಟಿ ನೋಡದೆ ನಾನು ಒಂದು ದಿನವೂ ಪ್ಲಗ್ ಹಾಕಿದ್ದಿಲ್ಲ. ಇಷ್ಟು ಕಟ್ಟುನಿಟ್ಟು ನಿಮ್ಮ ಕಚೇರಿಯಲ್ಲಿ ಎಲ್ಲಿದೆ, ತೋರಿಸಿ?

ಜಪ್ತಿಗೆ ಬಂದ ದಿನ ಇದನ್ನೆಲ್ಲ ನಿಮಗೂ ತೋರಿಸಿದೆವು. "ಇಂಥಾದ್ದಕ್ಕ ರೂಲ್ಸ್ ಇಲ್ಲ" ಎಂದಿರಿ.

"ರೂಲ್ಸ್ ಇಲ್ಲಂದ್ರ ತಪ್ಪು ಹೆಂಗ ಆಕೈತ್ರಿ ಸಾಹೇಬ್ರ?" ಎಂದಳು ನಜಮುನ್ನೀಸಾ.

"ರೂಲ್ಸ್ ಇಲ್ಲದ್ದು ಮಾಡಿದ್ದ ತಪ್ಪು ನೋಡವ್ವ."

ಆಹಾ, ಎಂಥ ನ್ಯಾಯ! ಸೂರ್ಯನೂ ನಿಮಗೆ ಅರ್ಜಿ ಹಾಕಿಯೇ ಹುಟ್ಟುತ್ತಾನೆಯೇ?

ಜಪ್ತಿಯಾದ ಆರನೇ ದಿನ ಮಧ್ಯಾಹ್ನ ಕರೆಂಟಿಲ್ಲದಾಗ ಮೆಹರೀನಳಿಗೆ ಉಸಿರು ಕಟ್ಟಿತು. ಆಟೋದಲ್ಲಿ ಹತ್ತು ನಿಮಿಷಕ್ಕೆ ಆಸ್ಪತ್ರೆ ಮುಟ್ಟುವಷ್ಟರಲ್ಲಿ ತುಟಿ ನೀಲಿಯಾಗಿತ್ತು. ಬದುಕಿದಳು. ಆದರೆ ಆ ಹತ್ತು ನಿಮಿಷಕ್ಕೆ ನಿಮ್ಮನ್ನು ಕ್ಷಮಿಸುವುದಿಲ್ಲ.

ಮೊನ್ನೆ ನಿಮ್ಮ ಜವಾನ ಹುಲುಗಣ್ಣ ನನ್ನ ಅಂಗಡಿಗೆ ಒಂದು ಪ್ಲೇಟು ಹೊತ್ತು ತಂದ. "ತಿಂಗಳಿಂದ ಸಾಹೇಬ್ರ ಮನ್ಯಾಗ ಟಿವಿ ಇದರ ಮ್ಯಾಲೇ ನಡೀತಿತ್ತು, ಈಗ ನಿಂತೈತಿ. ಲಗೂನ ಮಾಡಿಕೊಡು ಜಮಾಲಣ್ಣ" ಎಂದ. ತಿರುವಿ ನೋಡಿದರೆ ಹಿಂಬದಿಯ ಬೆಸುಗೆ ನನ್ನ ಕೈಯದೇ. ಹುಲುಗಣ್ಣ ಪಾಪದವನು, ಚಹಾ ಕುಡಿಸಿ ಕಳಿಸಿದೆ. ಪ್ಲೇಟನ್ನು ಕಳಿಸಲಿಲ್ಲ.

ಮನೆಮಂದಿ ಇಂಥ ಪ್ಲೇಟನ್ನು ಹೇಗೆ ಬಳಸಬೇಕು, ಯಾವ ಸ್ವಿಚ್ಚು ಹಾಕಿಸಬೇಕು ಎಂಬ ನಿಯಮವನ್ನು ಮೇಲಿನವರಿಂದ ಬರೆಸಿ ತಂದು ಕಚೇರಿಯ ಬಾಗಿಲಿಗೆ ಅಂಟಿಸಿ. ಪಾಲಿಸುವವರಲ್ಲಿ ನಾನೇ ಮೊದಲಿಗ. ಪ್ಲೇಟು ಬೇಕಾದರೆ ಜವಾನನನ್ನು ಕಳಿಸಬೇಡಿ, ನೀವೇ ಬನ್ನಿ. ಸಂತೆಯ ದಿನ ಬನ್ನಿ, ಅಂಗಡಿಯ ಮುಂದೆ ಜನ ಇರುತ್ತಾರೆ. ಮೆಹರೀನಳನ್ನು ನಿಮ್ಮೆದುರು ಕೂರಿಸುತ್ತೇನೆ. ಅವಳು ಉಸಿರಿಗೆ ಒದ್ದಾಡುತ್ತಿದ್ದ ಆ ಮಧ್ಯಾಹ್ನ ನಿಮ್ಮ ಟಿವಿಯಲ್ಲಿ ಏನು ಬರುತ್ತಿತ್ತು ಎಂದು ಅವಳಿಗೇ ಹೇಳಿ.

ಇಂತಿ,
ತನ್ನದೇ ಪ್ಲೇಟನ್ನು ರಿಪೇರಿಗೆಂದು ಪಡೆದ
ಜಮಾಲುದ್ದೀನ, ಕೊಟ್ಟೂರು