ಮೊದಲು ತೂಕ

ಮಾರ್ಚ್ 3, ಸೋಮವಾರ. ಮಧ್ಯಾಹ್ನ 1.20

ಬೆಳಿಗ್ಗೆಯಿಂದ ನಲವತ್ತೊಂದು ಮೂಟೆ. ಚೀಟಿಯಲ್ಲಿ ಬರೆದುಕೊಂಡು, ಆಮೇಲೆ ಮೌಸ್ ಹಿಡಿದು ಒಂದೊಂದೇ ಬಾಕ್ಸಿಗೆ ತುಂಬಿದೆ. ಬೆನ್ನು ನೋವು.

ಆಸ್ಪತ್ರೆ ಲಾಂಡ್ರಿಯ ಈ ಮೇಜಿಗೆ ಬಂದು ಹದಿನೈದು ದಿನ. ಹತ್ತೊಂಬತ್ತು ವರ್ಷ ನಾನು ಒಳಗಿನ ಇಸ್ತ್ರಿ ಕೋಣೆಯಲ್ಲಿ, ಅವಳು ಇಲ್ಲಿ, ಬಾಗಿಲ ಬಳಿ. ನಡುವೆ ಒಂದೇ ಗೋಡೆ. ಹೆಂಡತಿ ದಿನವಿಡೀ ಏನು ಮಾಡುತ್ತಿದ್ದಳೆಂದು ಅವಳು ಹೋದ ಮೇಲೆ ನೋಡುತ್ತಿದ್ದೇನೆ.

ಎಕ್ಸೆಲ್ ತೆರೆದರೆ ಅವಳು ಮಾಡಿದ ಫಾರ್ಮ್ ತಾನಾಗಿ ಎದ್ದು ಬರುತ್ತದೆ. ವಾರ್ಡ್, ಬಗೆ, ಎಣಿಕೆ, ತೂಕ, ಕಲೆ — ಐದು ಬಾಕ್ಸು. ಖಾಲಿ ಬಿಟ್ಟ ಬಾಕ್ಸು ಹಳದಿಯಾಗುತ್ತದೆ, ಕೆಳಗೆ ಬರಹ ಮೂಡುತ್ತದೆ. ‘ಕಲೆ ಬಿಟ್ಟಿದ್ದೀರಿ. ನಿಧಾನ.’ — ಅವಳದೇ ಮಾತು. ಮೂಲೆಯ ಎಕ್ಸ್ ಒತ್ತಿದರೂ ಮುಚ್ಚುವುದಿಲ್ಲ, ಹಾಕಿದ್ದನ್ನು ಉಳಿಸುವ ತನಕ. ಹತ್ತನೇ ಕ್ಲಾಸು ಓದಿದವಳು. ಯಾವಾಗ ಕಲಿತಳು?

14ಕ್ಕೆ ಆಡಳಿತದವರು ನೋಡಲು ಬರುತ್ತಾರಂತೆ. ಒಪ್ಪಿದರೆ ಫಾರ್ಮ್ ಉಳಿಯುತ್ತದೆ. ಇಲ್ಲವಾದರೆ ಯಾವುದೋ ಕಂಪನಿಯ ಪ್ರೋಗ್ರಾಂ ತಂದು ಇದನ್ನು ಅಳಿಸುತ್ತಾರೆ. ಅಳಿಸುವುದು ಅಂದರೆ... ಬೇಡ.

ಮಾರ್ಚ್ 6, ಗುರುವಾರ. ಸಂಜೆ

ನಾದಿನಿ ಲಾಂಡ್ರಿಗೇ ಬಂದಿದ್ದಳು. ಶಾಲೆಯ ಆಫೀಸಿನಲ್ಲಿ ಕೆಲಸ, ಕಂಪ್ಯೂಟರ್ ಗೊತ್ತು. ಆಲ್ಟ್ ಜೊತೆ ಎಫ್ ಹನ್ನೊಂದು ಒತ್ತಿಸಿದಳು. ಫಾರ್ಮಿನ ಹಿಂಬದಿ ತೆರೆಯಿತು. ಮ್ಯಾಕ್ರೋ ಅಂತೆ, ಫಾರ್ಮನ್ನು ನಡೆಸುವ ಆದೇಶಗಳು, ಸಾಲು ಸಾಲು. ನಮ್ಮವಳ ಹೊಲಿಗೆಯ ಹಾಗೆ — ಒಂದೇ ಅಳತೆ, ಒಂದು ದಾರವೂ ಇಳಿಬಿದ್ದಿಲ್ಲ.

“ಭಾವ, ಮೌಸನ್ನ ಇಸ್ತ್ರಿಪೆಟ್ಟಿಗೆ ಥರ ಒತ್ತಬೇಡಿ, ಸುಟ್ಟುಹೋಗತ್ತೆ! ಟ್ಯಾಬ್ ಒತ್ತಿ, ತಾನೇ ಮುಂದಿನ ಬಾಕ್ಸಿಗೆ ಹೋಗತ್ತೆ.”

ಒತ್ತಿದೆ. ಕರ್ಸರ್ ಶುರುವಾಗುವುದೇ ನಾಲ್ಕನೆಯ ಬಾಕ್ಸಿನಲ್ಲಿ, ತೂಕ. ಅಲ್ಲಿಂದ ಮೇಲೆ ವಾರ್ಡ್. ಮತ್ತೆ ಕೆಳಗೆ ಕಲೆ. ಆಮೇಲೆ ಬಗೆ, ಎಣಿಕೆ. ಕುಂಟೆಬಿಲ್ಲೆ ಆಡಿದ ಹಾಗೆ.

ನಾದಿನಿ ತಾನೂ ಒಮ್ಮೆ ಒತ್ತಿ ನೋಡಿದಳು. ಅದೇ. ಫಾರ್ಮ್ ಮಾಡಿದ ದಿನಗಳಲ್ಲಿ ಹೆಂಡತಿಗೆ ಕಾಯಿಲೆ, ಮಾತ್ರೆಯ ಮಂಪರು.

“ಅಕ್ಕನಿಗೆ ಆಗ್ತಿರಲಿಲ್ಲ ಭಾವ, ಪಾಪ. ತಿದ್ದಿಬಿಡೋಣ. ಬಂದವರು ನೋಡಿ ನಗಬಾರದಲ್ಲ.”

ಪ್ರತಿ ಬಾಕ್ಸಿಗೂ ಟ್ಯಾಬ್ ಇಂಡೆಕ್ಸ್ ಅಂತ ಒಂದು ಅಂಕಿ, ಟ್ಯಾಬ್ ಒತ್ತಿದಾಗ ಅದರ ಸರದಿ. ಸೊನ್ನೆಯಿಂದ ಶುರು. ಮೇಲಿನಿಂದ ಕೆಳಕ್ಕೆ ಸರಿಯಾಗಿ ಹಾಕಿದೆ. ನನ್ನ ಕೈಯಿಂದಲೇ. ಅವಳ ಮಾನ ಕಾಯ್ದೆ ಅನ್ನಿಸಿತು.

ಮಾರ್ಚ್ 10, ಸೋಮವಾರ. ಮಧ್ಯಾಹ್ನ

ಶನಿವಾರ ಮೊದಲ ಸಲ ಚೀಟಿ ಬಿಟ್ಟು ನೇರವಾಗಿ ಫಾರ್ಮಿಗೇ ಹಾಕಿದ್ದೆ. ಮೂಟೆ ಬಿಚ್ಚುವವನು ಕೂಗುತ್ತಾನೆ, ನಾನು ಒತ್ತುತ್ತೇನೆ. ದನಿ ದೊಡ್ಡದು, ಅವನಿಗೆ ಎಲ್ಲರೂ ‘ಗಂಟಲು’ ಅಂತಲೇ ಅನ್ನುವುದು. ಅವನು ತೂಕ ಕೂಗಿದ. ನನ್ನ ಬೆರಳು ವಾರ್ಡಿನಲ್ಲಿ ಒತ್ತಿತು. ಕಂಡದ್ದನ್ನೆಲ್ಲ ತಿದ್ದಿದೆ. ಅವಸರದಲ್ಲಿ ಮೂರು ಉಳಿದವು. ಹನ್ನೆರಡು ಕೆಜಿ ಅನ್ನುವುದು ಹನ್ನೆರಡನೇ ವಾರ್ಡ್ ಆಗಿ ಕೂತಿತು. ಹೆರಿಗೆ ವಾರ್ಡಿನ ಹಾಸಿಗೆ ಬಟ್ಟೆ ಅಲ್ಲಿಗೆ ಹೋಯಿತು. ಇವತ್ತು ಬೆಳಿಗ್ಗೆ ಫೋನಿನಲ್ಲಿ ಸಿಸ್ಟರ್ ಬೈಗುಳ.

ಸೂಪರ್‌ವೈಸರ್ ಮೆತ್ತಗೇ ಹೇಳಿದರು. “ಪಾಪ, ಆಯಮ್ಮ ಕಷ್ಟಪಟ್ಟು ಮಾಡಿದ್ದು. ಒಳಗೆಲ್ಲೋ ತಪ್ಪಿದೆ. ಕಂಪನೀದೇ ಬರ್ಲಿ ಬಿಡಿ.”

ಗುರುವಾರ ಅಂಕಿ ತಿದ್ದಿದ್ದು ನಾನೆಂದು ಹೇಳಲಿಲ್ಲ.

ಊಟಕ್ಕೆ ಕೂತಾಗ ಗಂಟಲು ಕೇಳಿದ. “ಅಣ್ಣ, ನಾನು ತೂಕ ಅಂದ್ರೆ ನೀವು ವಾರ್ಡು ಅಂತೀರಿ. ವಾರ್ಡಿನ ಚೀಟಿ ಇರೋದು ಮೂಟೆ ಒಳಗೆ. ಗಂಟು ಬಿಚ್ಚದೆ ವಾರ್ಡು ಹೇಳೋಕೆ ನಾನೇನು ಕಣಿ ಹೇಳೋನಾ?”

“ಅವಳು ಇದ್ದಾಗ?”

“ಅಕ್ಕ ಮೂರು ದಿನ ನನ್ನ ಪಕ್ಕ ನಿಂತಿದ್ರು. ಮೊದಲು ಏನು ಕೂಗ್ತೀನಿ, ಆಮೇಲೆ ಏನು, ಎಲ್ಲಾ ಬರ್ಕೊಂಡ್ರು. ತಕ್ಕಡಿ ಮೇಲೆ ತೂಕ. ಬಿಚ್ಚಿದ್ರೆ ವಾರ್ಡು. ಕಲೆ ಕಂಡ್ರೆ ತೊಟ್ಟಿಗೆ. ಆಮೇಲೆ ತಾನೇ ಬಗೆ, ಎಣಿಕೆ! ‘ನಿನ್ನ ಬಾಯಿ ಹೋದ ಕಡೆ ನನ್ನ ಕೈ ಹೋಗ್ಬೇಕು ಕಣೋ’ ಅಂದಿದ್ರು.”

ಡಬ್ಬಿ ಮುಚ್ಚಿ ಮೇಜಿಗೆ ಹೋದೆ.

ಕಣ್ಣಿಗೆ ಕಾಣುವುದು ಆಫೀಸಿನ ರಿಜಿಸ್ಟರಿನ ಸಾಲು. ಬೆರಳಿಗೆ ಸಿಗುವುದು ಇವನ ಬಾಯಿಯ ಸಾಲು. ಇಬ್ಬರಿಗೂ ತೊಂದರೆಯಾಗದ ಹಾಗೆ ಒಂದೇ ಫಾರ್ಮಿನಲ್ಲಿ ಇಟ್ಟಿದ್ದಳು. ಮಂಪರಂತೆ!

ಅಂಕಿಗಳನ್ನು ಹಿಂದಿನಂತೆ ಹಾಕಿದೆ. ಮೂರು ಸಲ ನೋಡಿದೆ.

ಮಾರ್ಚ್ 12, ಬುಧವಾರ. ಬೆಳಿಗ್ಗೆ 10

ನಿನ್ನೆ ಎರಡು ಸಲ ಸೂಪರ್‌ವೈಸರ್ ಕೋಣೆಯ ಬಾಗಿಲ ತನಕ ಹೋಗಿ ಬಂದೆ. ಇವತ್ತು ಒಳಗೆ ಹೋದೆ.

“ತಪ್ಪು ಅವಳದ್ದಲ್ಲ ಸಾರ್. ಸರಿ ಇದ್ದಿದ್ದನ್ನ ತಿದ್ದಿ ಕೆಡಿಸಿದ್ದು ನಾನು. ಈಗ ಅವಳು ಇಟ್ಟಿದ್ದ ಹಾಗೇ ಇದೆ.”

ಸೂಪರ್‌ವೈಸರ್ ಪೆನ್ನು ಕೆಳಗಿಟ್ಟರು. “ನಿಮಗೆ ಮಾತು ಬರತ್ತೆ ಅಂತ ಈಗ ಗೊತ್ತಾಯ್ತು. ಶುಕ್ರವಾರ ಆಡಳಿತದವರ ಮುಂದೆಯೂ ನೀವೇ ಮಾತಾಡಿ.”

ಮಾರ್ಚ್ 14, ಶುಕ್ರವಾರ

ಆಡಳಿತದ ಮೇಡಂ ಬಂದರು. ಇಪ್ಪತ್ತು ಮೂಟೆ, ಒಂದೂ ತಪ್ಪಿಲ್ಲ.

“ಕರ್ಸರ್ ಯಾಕೆ ಹೀಗೆ ಹಾರ್ತಿದೆ?”

“ಪರದೆ ನೋಡಬೇಡಿ ಮೇಡಂ. ಅವನ ಬಾಯಿ ನೋಡಿ.”

ನೋಡಿದರು. ಐದಾರು ಮೂಟೆ ಹಾಗೇ ನಿಂತು ನೋಡಿದರು. ಮುಖದಲ್ಲಿ ನಗು. “ಯಾರು ಮಾಡಿದ್ದು ಇದನ್ನ?”

“ನನ್ನ ಹೆಂಡತಿ.”

“ಕರೀರಿ ಅವರನ್ನ. ಮಾತಾಡ್ಬೇಕು.”

ನಾನು ಪರದೆಯತ್ತ ತಿರುಗಿದೆ. ಗಂಟಲು ಹೇಳಿದ. ಅವನ ದನಿ ಅಷ್ಟು ತಗ್ಗಬಲ್ಲದೆಂದು ಗೊತ್ತಿರಲಿಲ್ಲ. “ಅಕ್ಕ ತೀರ್ಕೊಂಡ್ರು ಮೇಡಂ. ಜನವರೀಲಿ.”

ಫಾರ್ಮ್ ಉಳಿಯುತ್ತದೆ. ಆದರೆ ಸೋಂಕಿನ ಬಟ್ಟೆಗೆ ಇನ್ನೊಂದು ಬಾಕ್ಸು ಬೇಕಂತೆ, ವಾರದೊಳಗೆ. ಯಾರು ಮಾಡುತ್ತಾರೆ ಅಂದರು. ನಾನು ಅಂದೆ. ಹೇಗೆ ಅಂದೆನೋ.

ಮಾರ್ಚ್ 17, ಸೋಮವಾರ. ಬೆಳಿಗ್ಗೆ 11.40

ಎರಡು ಗಂಟೆ ಗಂಟಲಿನ ಪಕ್ಕ ನಿಂತೆ, ಪೆನ್ನು ಕಾಗದ ಹಿಡಿದು. “ಏನಣ್ಣ, ನನ್ನ ಮೇಲೆ ಪೊಲೀಸ್ ಡ್ಯೂಟೀನಾ?” ಅಂದ.

ಸೋಂಕಿನದು ಕೆಂಪು ಚೀಲದಲ್ಲಿ ಬರುತ್ತದೆ. ಗಾಡಿ ಬಾಗಿಲಲ್ಲಿರುವಾಗಲೇ ಕಾಣುತ್ತದೆ. “ಕೆಂಪು!” ಎಂದು ಕೂಗಿ, ಕೈಗವಸು ಹಾಕಿ, ಆಮೇಲೆ ತಕ್ಕಡಿಗೆ ಎತ್ತುತ್ತಾನೆ. ಎಂಟು ಚೀಲ, ಎಂಟು ಸಲವೂ ಹಾಗೇ.

ಅಂದರೆ ಸೋಂಕು ತೂಕಕ್ಕಿಂತಲೂ ಮೊದಲು. ಕೊನೆಗೆ ಸೇರಿಸಿ ಸುಮ್ಮನಾಗುವಂತಿಲ್ಲ. ಅವಳ ಐದು ಅಂಕಿಗಳನ್ನೂ ಬದಲಿಸಬೇಕು. ಆದರೆ ಈ ಸಲ ನೋಡಿ ಮಾಡುತ್ತಿದ್ದೇನೆ... ಅವಳೂ ಇದನ್ನೇ ಮಾಡುತ್ತಿದ್ದಳು.

ಸೋಂಕಿಗೆ ಸೊನ್ನೆ. ತೂಕಕ್ಕೆ ಒಂದು. ವಾರ್ಡಿಗೆ ಎರಡು. ಕಲೆಗೆ ಮೂರು. ಬಗೆಗೆ — ಗಾಡಿ ಬಂತು, ಕೂಗುತ್ತಿದ್ದಾನೆ. ಬಗೆಗೆ